ಆರು ಅಕ್ಷರ ಕೊಟ್ಟಿದ್ದಾರೆ, ಪದ ಎಲ್ಲಿದೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳಿದ್ದವು: ಕೆಲವು ಇಂಗ್ಲಿಷ್ ಅಕ್ಷರಗಳನ್ನು ಕೊಟ್ಟರೆ ಅವೆಲ್ಲವೂ ಇರುವ ಉದ್ದನೆಯ ಪದವನ್ನು ಹುಡುಕುವುದು ಹೇಗೆ? ಅವನ್ನೆಲ್ಲ ಇಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಇಂಗ್ಲಿಷ್ ಅಕ್ಷರಗಳನ್ನು ಅವುಗಳ ಹೆಸರಿನಲ್ಲೇ ಕನ್ನಡದಲ್ಲಿ ಬರೆದಿದ್ದೇವೆ. ಪಕ್ಕದಲ್ಲಿ ಒಂದು ಚೀಟಿ, ಪೆನ್ಸಿಲು ಇಟ್ಟುಕೊಂಡು ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತ ಓದಿ. ಬರೀ ಕಣ್ಣಲ್ಲಿ ಓದಿದರೆ ತಲೆ ತಿರುಗೀತು.

ಪ್ರ: ಮಗಳ ಶಾಲೆಯಲ್ಲಿ 'ಎ, ಬಿ, ಸಿ, ಡಿ, ಇ, ಎಫ್ ಆರೂ ಇರುವ ಪದ ಬರೆದು ತನ್ನಿ, ಉದ್ದವಾದಷ್ಟೂ ಹೆಚ್ಚು ಅಂಕ' ಎಂದಿದ್ದಾರೆ. ಮನೆಮಂದಿಯೆಲ್ಲ ಕೂತು 'ಫೇಸ್ಡ್' ತನಕ ಬಂದು ನಿಂತೆವು. ಬಿ ಹೊರಗೇ ಉಳಿಯಿತು. ಎಲ್ಲಿಂದ ಶುರು ಮಾಡಬೇಕು? (ತುಮಕೂರಿನ ಓದುಗರು)

ಉ: ಬಾಗಿಲ ತನಕ ಹೋಗಿ ಚಿಲಕ ತೆಗೆಯದೆ ವಾಪಸ್ಸಾಗಿದ್ದೀರಿ. 'ಫೇಸ್ಡ್' ಹಿಂದೆ 'ಬೇರ್' ಕೂರಿಸಿ ನೋಡಿ: ಬೇರ್‌ಫೇಸ್ಡ್, ಬಿ-ಎ-ಆರ್-ಇ-ಎಫ್-ಎ-ಸಿ-ಇ-ಡಿ. ನಾಚಿಕೆಯಿಲ್ಲದ, ರಾಜಾರೋಷದ ಎಂಬ ಅರ್ಥದ 9 ಅಕ್ಷರದ ಪದ. 'ಬೋಲ್ಡ್' ಕೂರಿಸಿದರೆ ಬೋಲ್ಡ್‌ಫೇಸ್ಡ್, ಅದೂ 9. ಆರೂ ಅಕ್ಷರಗಳಿರುವ ಚಿಕ್ಕ ಪದ ಬೇಕಿದ್ದರೆ ಅದನ್ನು ನೀವು ದಿನಾ ಬಳಸುತ್ತೀರಿ: ಫೀಡ್‌ಬ್ಯಾಕ್, ಎಫ್-ಇ-ಇ-ಡಿ-ಬಿ-ಎ-ಸಿ-ಕೆ, ಎಂಟೇ ಅಕ್ಷರ.

ಆದರೆ ಅಂಕ ಉದ್ದಕ್ಕೆ ಅಲ್ಲವೇ? ಹಾಗಾದರೆ ಆರು ಅಕ್ಷರಗಳನ್ನು ಒಂದೇ ತೂಕದಲ್ಲಿ ನೋಡಬೇಡಿ. ಇ, ಎ, ಡಿ ಬೇಕಾದಷ್ಟು ಪದಗಳಲ್ಲಿ ಸಿಗುತ್ತವೆ. ಸಿ ನಡುಮಧ್ಯದ್ದು. ಕಷ್ಟ ಕೊಡುವವು ಬಿ ಮತ್ತು ಎಫ್. ಯಾವುದು ಅಪರೂಪ ಎಂದು ಗೊತ್ತಾಗದಿದ್ದರೆ, ಅಕ್ಷರದ ಬಿಲ್ಲೆಗಳನ್ನು ಹಲಗೆಯ ಮೇಲೆ ಜೋಡಿಸಿ ಪದ ಮಾಡುವ ಸ್ಕ್ರ್ಯಾಬಲ್ ಆಟದ ಬಿಲ್ಲೆಗಳ ಲೆಕ್ಕ ನೆನಪಿಟ್ಟುಕೊಳ್ಳಿ. ನೂರು ಬಿಲ್ಲೆಗಳಲ್ಲಿ ಇ 12, ಎ ಮತ್ತು ಐ ತಲಾ 9, ಓ 8, ಎನ್, ಆರ್, ಟಿ ತಲಾ 6, ಡಿ 4. ಬಿ, ಸಿ, ಎಫ್ ತಲಾ ಎರಡೇ. ಕೆ, ಜೆ, ಎಕ್ಸ್, ಕ್ಯೂ, ಝಡ್ ಒಂದೊಂದು. ಆ ಆಟ ಹುಟ್ಟುಹಾಕಿದ ಅಮೆರಿಕದ ವಾಸ್ತುಶಿಲ್ಪಿ ಆಲ್ಫ್ರೆಡ್ ಬಟ್ಸ್ 1930ರ ದಶಕದಲ್ಲಿ ಪತ್ರಿಕೆಯ ಪುಟಗಳಲ್ಲಿನ ಅಕ್ಷರಗಳನ್ನು ಎಣಿಸಿ ಈ ಲೆಕ್ಕ ಹಾಕಿದ್ದು. ಎಸ್ ಮಾತ್ರ ಇದಕ್ಕೆ ಹೊರತು. ಇಂಗ್ಲಿಷಿನಲ್ಲಿ ಅದು ಧಾರಾಳವಾಗಿದ್ದರೂ ಬಹುವಚನ ಮಾಡುವುದು ತೀರಾ ಸುಲಭವಾದೀತೆಂದು ನಾಲ್ಕೇ ಇಟ್ಟರು.

ಈಗ ಮಾಡುವ ಕೆಲಸ ಇಷ್ಟು. ಸಸ್ತಾ ಅಕ್ಷರಗಳಲ್ಲಿ ಬಾಲವಾಗಬಲ್ಲವನ್ನು ಪಕ್ಕಕ್ಕೆ ಎತ್ತಿಡಿ. ಇಲ್ಲಿ ಇ-ಡಿ, ಭೂತಕಾಲದ ಬಾಲ. ಉಳಿದದ್ದು ಎ, ಬಿ, ಸಿ, ಎಫ್. ಈ ನಾಲ್ಕೂ ಇರುವ ಬುಡ ಹುಡುಕಿ: ಫ್ಯಾಬ್ರಿಕ್. ಬಟ್ಟೆ ಎಂಬ ಈ ಪದದಿಂದ ಫ್ಯಾಬ್ರಿಕೇಟ್ ಆಗುತ್ತದೆ, ಬಾಲ ಹಚ್ಚಿದರೆ ಫ್ಯಾಬ್ರಿಕೇಟೆಡ್, 10 ಅಕ್ಷರ. ತಲೆಗೆ 'ಪ್ರಿ' ಇಡಿ: ಪ್ರಿಫ್ಯಾಬ್ರಿಕೇಟೆಡ್, 13 ಅಕ್ಷರ. ಕಾರ್ಖಾನೆಯಲ್ಲೇ ತುಂಡು ತುಂಡಾಗಿ ತಯಾರಿಸಿ ತಂದು ಜೋಡಿಸುವ ಮನೆಗಳಿಗೆ ಹೇಳುವ ಪದ ಅದೇ. ಬೈಫರ್ಕೇಟೆಡ್, ಅಂದರೆ ಕವಲೊಡೆದದ್ದು, ಅದರಲ್ಲೂ ಆರೂ ಇವೆ, 10 ಅಕ್ಷರ.

ಉದ್ದನೆಯ ಪದವನ್ನು ಒಂದೇ ಏಟಿಗೆ ಹುಡುಕಲು ಹೋದವರು ಸೋಲುತ್ತಾರೆ. ಅದು ತಲೆ, ಬುಡ, ಬಾಲ ಜೋಡಿಸಿದ ಸಾಮಾನು. ಕೀಲು ಎಲ್ಲಿದೆ ಎಂದು ಗೊತ್ತಾದರೆ ಬುಡವೊಂದನ್ನು ಹುಡುಕಿದರೆ ಸಾಕು.

ಪ್ರ: ಪದದಲ್ಲಿ ಅಕ್ಷರಗಳು 'ಇರಬೇಕು' ಎಂದರೆ ಏನರ್ಥ? ಅಕ್ಕಪಕ್ಕವೋ, ಅದೇ ಕ್ರಮದಲ್ಲೋ, ಹೇಗಿದ್ದರೂ ಸರಿಯೋ? ಉತ್ತರ ತಿದ್ದುವಾಗ ಮಕ್ಕಳೊಂದಿಗೆ ವಾದ ಆಗುತ್ತಿದೆ. (ಶಿಕ್ಷಕರು, ಧಾರವಾಡ)

ಉ: ಮಕ್ಕಳ ತಪ್ಪಲ್ಲ ಮೇಷ್ಟ್ರೇ, ಪ್ರಶ್ನೆಯದ್ದೇ ತಪ್ಪು. ಇವು ಮೂರು ಬೇರೆ ಬೇರೆ ಆಟಗಳು.

ಮಂಗಳೂರಿನ ಕಾರೊಂದರ ನಂಬರ್ ಪ್ಲೇಟ್ ಕೆಎ 19 ಎಂಡಿ ಎಂದು ಶುರುವಾಗುತ್ತದೆ ಎಂದಿಟ್ಟುಕೊಳ್ಳಿ. ಕೆ, ಎ, ಎಂ, ಡಿ ಚೆಲ್ಲಾಪಿಲ್ಲಿಯಾಗಿ ಎಲ್ಲಿದ್ದರೂ ಆದೀತು ಎಂದರೆ ಬುಕ್‌ಮಾರ್ಕ್ಡ್ 10 ಅಕ್ಷರ, ಬೆಂಚ್‌ಮಾರ್ಕ್ಡ್ 11, ಮಲ್ಟಿಟಾಸ್ಕ್ಡ್ 11. ಮೊದಲು ಕೆ, ಆಮೇಲೆ ಎ, ಆಮೇಲೆ ಎಂ, ಕೊನೆಗೆ ಡಿ ಎಂಬ ಸಾಲು ತಪ್ಪಬಾರದು ಎಂದರೆ ಈ ಮೂರೂ ಬಿದ್ದುಹೋಗುತ್ತವೆ. ಕ್ರಮ ಕಾಯುವುದು ಅಷ್ಟು ದುಬಾರಿ. ಕ್ರಮದ ಆಟದ ಹೆಸರಾಂತ ಉದಾಹರಣೆಗಳು ಫೆಸೀಷಿಯಸ್ ಮತ್ತು ಆಬ್‌ಸ್ಟೀಮಿಯಸ್. ಮೊದಲನೆಯದು ಕೀಟಲೆಯ ಮಾತಿಗೆ, ಎರಡನೆಯದು ಊಟ-ಪಾನದಲ್ಲಿ ಹಿತಮಿತ ಇರುವವರಿಗೆ. ಎರಡರಲ್ಲೂ ಎ, ಇ, ಐ, ಓ, ಯು ಐದೂ ಸ್ವರಗಳು ವರ್ಣಮಾಲೆಯ ಕ್ರಮದಲ್ಲೇ ಒಂದೊಂದು ಸಲ ಬರುತ್ತವೆ.

ಮೂರನೆಯ ಆಟದಲ್ಲಿ ಅಕ್ಷರಗಳು ಅಂಟಿಕೊಂಡೇ ಇರಬೇಕು. ನೋಡಲು ಕಷ್ಟ, ಆದರೆ ಗುಟ್ಟು ಗೊತ್ತಾದರೆ ಇದೇ ಸಲೀಸು. ಬಾಯಿಗೆ ಬಾರದ ವ್ಯಂಜನಗಳ ಗುಂಪು ಕೊಟ್ಟರೆ ಅದು ಎರಡು ಪದ ಸೇರುವ ಕೀಲು ಎಂದು ತಿಳಿದು ಅಲ್ಲೇ ಸೀಳಿ. ಕೆ-ಜಿ-ಆರ್ ಕೊಟ್ಟರೆ ಮೊದಲ ಪದ ಕೆ ಇಂದ ಮುಗಿದು ಎರಡನೆಯದು ಜಿ-ಆರ್ ಇಂದ ಶುರುವಾಗಬೇಕು: ಬ್ಯಾಕ್ ಜೊತೆ ಗ್ರೌಂಡ್. ಜಿ-ಎಚ್-ಟಿ-ಸಿ ಎಂದರೆ ನೈಟ್‌ಕ್ಲಬ್. ಆರ್-ಎಸ್-ಟಿ-ಯು ನಾಲ್ಕೂ ಸಾಲಾಗಿ ಬೇಕೆಂದರೆ ಅಂಡರ್‌ಸ್ಟಡಿ. ನಾಟಕದಲ್ಲಿ ಮುಖ್ಯ ನಟ ಬಾರದಿದ್ದರೆ ಬಣ್ಣ ಹಚ್ಚಲು ಪಾಠ ಒಪ್ಪಿಸಿಕೊಂಡು ಕಾಯುವವನು. ಕ್ಯಾಚ್‌ಫ್ರೇಸ್‌ನಲ್ಲಿ ಟಿ-ಸಿ-ಎಚ್-ಪಿ-ಎಚ್-ಆರ್ ಎಂದು ಆರು ವ್ಯಂಜನಗಳು ಒಂದಕ್ಕೊಂದು ಅಂಟಿವೆ. ಡಬ್ಲ್ಯೂ-ಕೆ-ಡಬ್ಲ್ಯೂ ಕೊಟ್ಟು ತಮಾಷೆ ನೋಡುವವರೂ ಇದ್ದಾರೆ, ಉತ್ತರ ಆಕ್ವರ್ಡ್. ಅದರಲ್ಲೂ 'ಆಕ್' ಎಂಬ ಹಳೆಯ ಪದಕ್ಕೆ 'ವರ್ಡ್' ಎಂಬ ಬಾಲ ಸೇರಿದ ಕೀಲೇ ಇದೆ. ಎಕ್ಸ್-ವೈ-ಝಡ್ ಒಟ್ಟಿಗೆ ಬೇಕೇ? ತುರಿಕೆಗೆ ಕೊಡುವ ಮಾತ್ರೆಯ ಹೆಸರು ನೋಡಿ: ಹೈಡ್ರಾಕ್ಸಿಝಿನ್.

ಹಾಗಾಗಿ ಪ್ರಶ್ನೆ ಬರೆಯುವಾಗಲೇ ಕ್ರಮ ಬೇಕೇ, ಅಂಟಿರಬೇಕೇ, ಕೊಟ್ಟ ಅಕ್ಷರವನ್ನು ಎರಡು ಸಲ ಬಳಸಬಹುದೇ, ಹೆಸರುಗಳು ನಡೆಯುತ್ತವೆಯೇ, ಯಾವ ನಿಘಂಟು ಕೊನೆಯ ಮಾತು ಎಂದು ಹಾಕಿಬಿಡಿ. ಅರ್ಧ ವಾದ ಅಲ್ಲಿಗೇ ಮುಗಿಯುತ್ತದೆ.

ಪ್ರ: ಊಟದ ಬಿಡುವಿನಲ್ಲಿ ಸ್ಕ್ರ್ಯಾಬಲ್ ಆಡುತ್ತೇವೆ. ಕೆಲವರು ಏಳೂ ಬಿಲ್ಲೆಗಳನ್ನು ಒಮ್ಮೆಗೇ ಇಳಿಸಿ 50 ಅಂಕ ಹೆಚ್ಚುವರಿ ಗಿಟ್ಟಿಸುತ್ತಾರೆ. ನನಗೆ ನಾಲ್ಕು, ಐದು ಅಕ್ಷರ ದಾಟುವುದಿಲ್ಲ. ಇದು ಶಬ್ದಭಂಡಾರದ ಕೊರತೆಯೇ? (ಐಟಿ ಉದ್ಯೋಗಿ, ಬೆಂಗಳೂರು)

ಉ: ಬಹುಪಾಲು ಅಲ್ಲ. ಅಭ್ಯಾಸದ್ದು. ಒಂದೇ ಕೈ, ಅಂದರೆ ಆಟಗಾರನ ಬಳಿ ಇರುವ ಏಳು ಬಿಲ್ಲೆ, ತೆಗೆದುಕೊಂಡು ನೋಡೋಣ: ಎ, ಇ, ಜಿ, ಐ, ಎನ್, ಆರ್, ಟಿ.

ಹೊಸಬರಿಗೆ ಮೊದಲು ಕಣ್ಣಿಗೆ ಬೀಳುವುದು ಐ-ಎನ್-ಜಿ. ಅದನ್ನು ಬಲತುದಿಗೆ ತಳ್ಳುತ್ತಾರೆ. ಉಳಿದದ್ದು ಎ, ಇ, ಆರ್, ಟಿ. ಅದರಲ್ಲಿ 'ರೇಟ್' ಕಾಣುತ್ತದೆ, 'ರೇಟಿಂಗ್' ಎಂದು ಇಳಿಸಿಬಿಡುತ್ತಾರೆ. ಆದರೆ ರೇಟ್ ಪದದ ಕೊನೆಯ ಇ, ಬಾಲ ಹತ್ತಿದಾಗ ಉದುರಿಹೋಯಿತು. ಪದ ಆರೇ ಅಕ್ಷರ, ಇ ಕೈಯಲ್ಲೇ ಉಳಿಯಿತು, 50 ಅಂಕ ಹೋಯಿತು. ಅದೇ ನಾಲ್ಕರಲ್ಲಿ 'ಟೇರ್', ಹರಿ ಎಂಬ ಅರ್ಥದ ಟಿ-ಇ-ಎ-ಆರ್, ನೋಡಿದ್ದರೆ ಟೇರಿಂಗ್ ಆಗಿ ಏಳೂ ಇಳಿಯುತ್ತಿದ್ದವು. ಬಾಲ ಹಚ್ಚುವ ಮೊದಲು ಬುಡದ ಕೊನೆಯ ಇ ಉಳಿಯುತ್ತದೋ ಉದುರುತ್ತದೋ ಎಂದು ನೋಡುವುದು ಈ ಆಟದ ಮೊದಲ ಪಾಠ.

ಎರಡನೆಯದು ಇದಕ್ಕೆ ಉಲ್ಟಾ. ಐ-ಎನ್-ಜಿ ಬಾಲವೇ ಎಂದು ಪಟ್ಟು ಹಿಡಿದವರಿಗೆ ಅದೇ ಏಳು ಬಿಲ್ಲೆಗಳಲ್ಲಿರುವ ಗ್ರಾನೈಟ್ ಕಾಣುವುದಿಲ್ಲ. ಐ-ಎನ್-ಜಿಯನ್ನು ತಲೆಯಲ್ಲೇ ಹೊತ್ತ ಇನ್‌ಗ್ರೇಟ್, ಅಂದರೆ ಉಪಕಾರಸ್ಮರಣೆ ಇಲ್ಲದವನು, ಅವನೂ ಕಾಣುವುದಿಲ್ಲ. ಬಾಲ ಪಕ್ಕಕ್ಕಿಟ್ಟು ಒಂದು ಸಲ ನೋಡಿ. ಸಿಗದಿದ್ದರೆ ಎಲ್ಲ ಬಿಲ್ಲೆ ಕಲಸಿ ಇನ್ನೊಂದು ಸಲ ನೋಡಿ.

ಪಳಗಿದವರು ಈ ಕೈ ನೋಡಿದಾಗ ಅವರಿಗೆ ಕಾಣುವುದೇ ಬೇರೆ: ರೆಟಿನಾ ಮತ್ತು ಜಿ. ಆರ್-ಇ-ಟಿ-ಐ-ಎನ್-ಎ ಎಂಬ ಆರು ಅಕ್ಷರ ಯಾರನ್ನಾದರೂ ಸೇರಿಸಿಕೊಳ್ಳುವ ಗುಂಪು. ಸಿ ಸೇರಿದರೆ ಸರ್ಟನ್, ಡಿ ಸೇರಿದರೆ ಟ್ರೇನ್ಡ್, ಎಫ್ ಸೇರಿದರೆ ಫೇಂಟರ್, ಎಚ್ ಸೇರಿದರೆ ಹೇರ್‌ನೆಟ್, ಇನ್ನೊಂದು ಐ ಸೇರಿದರೆ ಇನರ್ಷಿಯಾ, ಕೆ ಬಂದರೆ ಕೆರಟಿನ್, ಎಲ್ ಬಂದರೆ ರಿಲಯಂಟ್ ಅಥವಾ ಲ್ಯಾಟ್ರೀನ್, ಎಂ ಬಂದರೆ ಮಿನರೆಟ್, ಪಿ ಬಂದರೆ ಪೇಂಟರ್, ಇನ್ನೊಂದು ಆರ್ ಬಂದರೆ ಟೆರೇನ್, ಟ್ರೇನರ್, ಎಸ್ ಬಂದರೆ ರಿಟೇನ್ಸ್, ನ್ಯಾಸ್ಟಿಯರ್, ಇನ್ನೊಂದು ಟಿ ಬಂದರೆ ನೈಟ್ರೇಟ್. ಕ್ಯೂನಂಥದ್ದು ಬಂದರೆ ಈ ಗುಂಪೂ ಕೈಚೆಲ್ಲುತ್ತದೆ. ಆಟದ ಮಂದಿ ಇಂಥ ಆರರ ಗುಂಪನ್ನು 'ಸ್ಟೆಮ್' ಎನ್ನುತ್ತಾರೆ. ಒಂದು ಸ್ಟೆಮ್ ಬಾಯಿಪಾಠ ಮಾಡಿದರೆ ಹತ್ತಾರು ಏಳಕ್ಷರದ ಪದಗಳು ಜೊತೆಗೇ ಬರುತ್ತವೆ. ಎರಡನೆಯದಾಗಿ ಸಟೈರ್, ಎಸ್-ಎ-ಟಿ-ಐ-ಆರ್-ಇ, ಕಲಿಯಿರಿ.

ಇಷ್ಟಾದರೂ ಒಂದು ನಿರಾಸೆ ಕಾದಿರುತ್ತದೆ: ಪದ ಕೈಯಲ್ಲಿದೆ, ಹಲಗೆಯ ಮೇಲೆ ಜಾಗವಿಲ್ಲ. ಏಳೂ ಬಿಲ್ಲೆ ಇಳಿಸಬೇಕೆಂದರೆ ಹಲಗೆಯ ಮೇಲಿರುವ ಒಂದು ಅಕ್ಷರವನ್ನು ಸೇರಿಸಿಕೊಂಡು ಎಂಟಕ್ಷರ ಮಾಡಬೇಕು, ಇಲ್ಲವೇ ಇನ್ನೊಂದು ಪದಕ್ಕೆ ಒತ್ತಿಕೊಂಡು ಇಳಿಸಬೇಕು. ಎಂಟಕ್ಷರಕ್ಕೆ ಉದಾಹರಣೆ: ಕೈಯಲ್ಲಿ ರೆಟಿನಾ ಮತ್ತು ಎಸ್ ಇದ್ದು, ಹಲಗೆಯಲ್ಲಿ ಸಿ ಬಿಡಿಯಾಗಿದ್ದರೆ ಕ್ಯಾನಿಸ್ಟರ್, ಬಿ ಇದ್ದರೆ ಬ್ಯಾನಿಸ್ಟರ್, ಪಿ ಇದ್ದರೆ ಪ್ಯಾಂಟ್ರೀಸ್, ಓ ಇದ್ದರೆ ನೋಟರೀಸ್, ಡಿ ಇದ್ದರೆ ಸ್ಟ್ರೇನ್ಡ್, ಎ ಇದ್ದರೆ ಆರ್ಟೀಷಿಯನ್, ತಾನಾಗಿ ನೀರು ಚಿಮ್ಮುವ ಬಾವಿಗೆ ಹೇಳುತ್ತಾರಲ್ಲ, ಅದು. ಒತ್ತಿಕೊಂಡು ಇಳಿಸಿದಾಗ ಪಕ್ಕದಲ್ಲಿ ತಾಗುವ ಅಕ್ಷರಗಳೂ ಪದವಾಗಬೇಕು, ಅದಕ್ಕೆ ಎರಡಕ್ಷರದ ಪದಗಳು ಬೇಕೇ ಬೇಕು. ಅಂತರರಾಷ್ಟ್ರೀಯ ಆಟದಲ್ಲಿ ಬಳಸುವ ಕಾಲಿನ್ಸ್ ಪಟ್ಟಿಯ 2019ರ ಆವೃತ್ತಿಯಲ್ಲಿ ಅಂಥವು 127 ಇವೆ. ಉದ್ದ ಪದಕ್ಕಾಗಿ ಚಿಕ್ಕ ಪದ ಕಲಿಯಿರಿ ಎನ್ನುವುದು ವಿಚಿತ್ರವಾಗಿ ಕೇಳಬಹುದು, ಆದರೆ ಆ 127 ಗೊತ್ತಿಲ್ಲದವರ 50 ಅಂಕ ಕೈಯಲ್ಲೇ ಕೊಳೆಯುತ್ತದೆ.

ಕೈ ಸಮತೋಲದಲ್ಲಿರಲಿ: ನಾಲ್ಕು ವ್ಯಂಜನ, ಮೂರು ಸ್ವರ. ಒಂದೇ ಅಕ್ಷರ ಎರಡೆರಡು ಬಂದಿದ್ದರೆ ಒಂದನ್ನು ಬೇಗ ಸಾಗಹಾಕಿ. ಯಾವ ಅಕ್ಷರವಾಗಿಯೂ ಬಳಸಬಹುದಾದ ಖಾಲಿ ಬಿಲ್ಲೆಯನ್ನು 20 ಅಂಕದ ಆಸೆಗೆ ಕಳೆಯಬೇಡಿ. ಇಡೀ ಪೆಟ್ಟಿಗೆಯಲ್ಲಿ ಅವು ಎರಡೇ. 'ರಿ', 'ಅನ್', 'ಅರ್' ಸೇರಿಸಿ ಇಲ್ಲದ ಪದ ಹುಟ್ಟಿಸುವ ಚಾಳಿಯೂ ಬೇಡ. ಎದುರಾಳಿ ಪ್ರಶ್ನಿಸಿದರೆ ಏಳೂ ಬಿಲ್ಲೆ ವಾಪಸ್, ಸರದಿಯೂ ಹೋಯಿತು, ಮೇಲಾಗಿ ನಿಮ್ಮ ಕೈಯಲ್ಲಿ ಏನಿದೆ ಎಂದು ಅವರಿಗೆ ಗೊತ್ತಾಯಿತು.

ಪ್ರ: ಏಳು ಅಕ್ಷರ ಕೊಟ್ಟು, ನಡುವಿನ ಅಕ್ಷರ ಕಡ್ಡಾಯ ಎನ್ನುವ ಒಗಟನ್ನು ಮೊಬೈಲಿನಲ್ಲಿ ಬಿಡಿಸುತ್ತೇನೆ. ಅದೇ ಏಳನ್ನು ಪದ ಹುಡುಕುವ ಆ್ಯಪ್‌ಗೆ ಹಾಕಿದರೆ ಉದ್ದನೆಯ ಉತ್ತರ ಬರುವುದೇ ಇಲ್ಲ. ಏಕೆ? (ನಿವೃತ್ತ ಬ್ಯಾಂಕ್ ನೌಕರರು, ಮೈಸೂರು)

ಉ: ಆ್ಯಪ್ ನಿಮ್ಮ ಅಕ್ಷರಗಳನ್ನು ಬಿಲ್ಲೆಗಳೆಂದು ತಿಳಿದಿದೆ. ಒಂದು ಬಿಲ್ಲೆ ಒಂದೇ ಸಲ. ನಿಮ್ಮ ಒಗಟಿನಲ್ಲಿ ಒಂದು ಅಕ್ಷರವನ್ನು ಎಷ್ಟು ಸಲ ಬೇಕಾದರೂ ಬಳಸಬಹುದು. ಎ, ಸಿ, ಐ, ಎನ್, ಪಿ, ಟಿ, ವೈ ಕೊಟ್ಟಿದ್ದಾರೆ ಎನ್ನಿ. ಏಳೂ ಬಳಸಿದ ಉತ್ತರ ಕ್ಯಾಪ್ಟನ್ಸಿ, 9 ಅಕ್ಷರ. ಅದಕ್ಕೆ ಎ ಎರಡು, ಸಿ ಎರಡು ಬೇಕು. ಒಂದೊಂದೇ ಇದೆ ಎಂದುಕೊಂಡ ಆ್ಯಪ್ ಅದನ್ನು ತಳ್ಳಿಹಾಕುತ್ತದೆ. ಸೆಟ್ಟಿಂಗಿನಲ್ಲಿ ಅಕ್ಷರ ಮರುಬಳಕೆ ಎಂಬರ್ಥದ ಆಯ್ಕೆ ಇದ್ದರೆ ಒತ್ತಿ, ಇಲ್ಲದಿದ್ದರೆ ಬೇರೆ ಆ್ಯಪ್ ನೋಡಿ. ಪ್ರತಿ ಅಕ್ಷರವನ್ನೂ ಎರಡು ಸಲ ಟೈಪ್ ಮಾಡುವ ಅಡ್ಡದಾರಿಯೂ ಉಂಟು, ಆದರೆ ಮೂರು ಸಲ ಬರುವ ಅಕ್ಷರಕ್ಕೆ ಅದು ಸಾಲದು.

ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ 'ಸ್ಪೆಲಿಂಗ್ ಬೀ' ಇದೇ ಜಾತಿಯ ಒಗಟು. ನಾಲ್ಕಕ್ಷರದ ಪದಕ್ಕೆ 1 ಅಂಕ, ಅದಕ್ಕಿಂತ ಉದ್ದವಾದರೆ ಅಕ್ಷರಕ್ಕೊಂದು ಅಂಕ, ಏಳೂ ಬಳಸಿದರೆ ಇನ್ನೂ 7. ಅಲ್ಲಿ ಎಸ್ ಕೊಡುವುದೇ ಇಲ್ಲ, ಆದ್ದರಿಂದ ಬಹುವಚನದ ಬಾಲದ ಆಸೆ ಬಿಡಿ. ವೈ ಕಂಡರೆ ಅದನ್ನು ಕೊನೆಯಲ್ಲಿ ಕೂರಿಸಿ ನೋಡಿ.

ಪ್ರ: ಸ್ವಂತಕ್ಕೆ ಕಂಪ್ಯೂಟರಿನಲ್ಲೇ ಹುಡುಕಿಕೊಳ್ಳಬೇಕು. ಪ್ರೋಗ್ರಾಮಿಂಗ್ ಅಷ್ಟಾಗಿ ಬರುವುದಿಲ್ಲ, ಎಕ್ಸೆಲ್ ಬರುತ್ತದೆ. ಆಗುತ್ತದೆಯೇ? (ಪದವಿ ವಿದ್ಯಾರ್ಥಿ, ಬೆಳಗಾವಿ)

ಉ: ಧಾರಾಳವಾಗಿ. ಸಾಲಿಗೊಂದು ಪದ ಇರುವ ಪಟ್ಟಿಯೊಂದು ಬೇಕು. ಕಾಲಿನ್ಸ್ ಆಟದ ಪಟ್ಟಿಯಷ್ಟು ದೊಡ್ಡದಾದರೂ ಸುಮಾರು 2,80,000 ಪದ. ಎಕ್ಸೆಲ್ ಹಾಳೆಯಲ್ಲಿ 10,48,576 ಸಾಲುಗಳಿವೆ, ಹಿಡಿಯುತ್ತದೆ.

ಪಟ್ಟಿ ಒಳಗೆ ತರುವಾಗ ಆ ಕಾಲಂ 'ಟೆಕ್ಸ್ಟ್' ಎಂದು ಹೇಳಿಯೇ ತನ್ನಿ. ಹೇಳದಿದ್ದರೆ ಟ್ರೂ, ಫಾಲ್ಸ್ ಎಂಬ ಎರಡು ಪದಗಳನ್ನು ಎಕ್ಸೆಲ್ ತನ್ನ ತರ್ಕದ ಉತ್ತರಗಳೆಂದು ತಿಳಿದು ಬದಲಿಸಿಬಿಡುತ್ತದೆ. ಎರಡನೆಯ ಕಾಲಮಿನಲ್ಲಿ 'ಲೋವರ್' ಸೂತ್ರದಿಂದ ಎಲ್ಲವನ್ನೂ ಚಿಕ್ಕಕ್ಷರ ಮಾಡಿ. ಮೂರನೆಯದರಲ್ಲಿ 'ಲೆನ್' ಹಾಕಿದರೆ ಪದದ ಉದ್ದ ಬರುತ್ತದೆ. ಆಮೇಲೆ ಬೇಕಾದ ಪ್ರತಿ ಅಕ್ಷರಕ್ಕೂ ಒಂದು ಕಾಲಂ: ಪದದ ಉದ್ದದಿಂದ, 'ಸಬ್‌ಸ್ಟಿಟ್ಯೂಟ್' ಸೂತ್ರದಲ್ಲಿ ಆ ಅಕ್ಷರವನ್ನು ಅಳಿಸಿದ ಮೇಲಿನ ಉದ್ದವನ್ನು ಕಳೆಯಿರಿ. ಬಂದ ಸಂಖ್ಯೆ ಆ ಅಕ್ಷರ ಎಷ್ಟು ಸಲ ಇದೆ ಎನ್ನುವುದು. ಕೊನೆಗೆ ಫಿಲ್ಟರಿನಲ್ಲಿ ಬೇಕಾದಷ್ಟು ಅಥವಾ ಅದಕ್ಕಿಂತ ಹೆಚ್ಚು ಎಂದು ಕೊಟ್ಟು, ಉದ್ದದ ಕಾಲಂ ಇಳಿಕೆಯ ಕ್ರಮದಲ್ಲಿ ಜೋಡಿಸಿ. ಅತಿ ಉದ್ದದ್ದು ತುದಿಗೆ ಬರುತ್ತದೆ. ಬರೀ ಇದೆಯೋ ಇಲ್ಲವೋ ಎಂದಷ್ಟೇ ಬೇಕಿದ್ದರೆ ಇಷ್ಟು ಬೇಡ, 'ಸರ್ಚ್' ಸೂತ್ರ ಸಾಕು. ಎಣಿಸುವ ದಾರಿ ಹೇಳಿದ್ದು ಏಕೆಂದರೆ 'ಎರಡು ಇ ಬೇಕು' ಎಂಬಲ್ಲಿ ಅದೊಂದೇ ಕೈಹಿಡಿಯುತ್ತದೆ. ಸಬ್‌ಸ್ಟಿಟ್ಯೂಟ್ ದೊಡ್ಡಕ್ಷರ ಮತ್ತು ಚಿಕ್ಕಕ್ಷರವನ್ನು ಬೇರೆ ಎಂದೇ ಎಣಿಸುತ್ತದೆ, ಲೋವರ್ ಮೊದಲೇ ಹಾಕಿಸಿದ್ದು ಅದಕ್ಕೆ.

ಲಿನಕ್ಸ್ ಇದ್ದವರಿಗೆ 'ಗ್ರೆಪ್' ಎಂಬ ಹುಡುಕುವ ಆಜ್ಞೆ ಇನ್ನೂ ಚುರುಕು: ಅಕ್ಷರಕ್ಕೊಂದು ಗ್ರೆಪ್ ಬರೆದು | ಗೆರೆಯಿಂದ ಒಂದಕ್ಕೊಂದು ಪೋಣಿಸುವುದು. ಆರು ಅಕ್ಷರಕ್ಕೆ ಆರು ಜರಡಿ. ಎರಡು ಇ ಬೇಕಿದ್ದರೆ ಎರಡು ಸಲ ಅದೇ ಜರಡಿ ಹಾಕಿ ಪ್ರಯೋಜನವಿಲ್ಲ, ಒಂದೇ ಇ ಇದ್ದ ಪದವೂ ಎರಡನ್ನೂ ದಾಟುತ್ತದೆ; ಇ, ಚುಕ್ಕಿ, ನಕ್ಷತ್ರ, ಇ ಎಂದು ಒಂದೇ ಜರಡಿಯಲ್ಲಿ ಬರೆಯಬೇಕು.

ತಪ್ಪುವುದು ಎಲ್ಲೆಂದರೆ, ಹೆಚ್ಚಾಗಿ ಪಟ್ಟಿಯಲ್ಲೇ. ಮ್ಯಾಕ್ ಕಂಪ್ಯೂಟರಿನ ಜೊತೆ ಬರುವ 'ವರ್ಡ್ಸ್' ಕಡತ 1934ರ ವೆಬ್‌ಸ್ಟರ್ ನಿಘಂಟಿನಿಂದ ತೆಗೆದದ್ದು. ಬಹುವಚನ, ಭೂತಕಾಲದ ರೂಪಗಳು ಅದರಲ್ಲಿ ಬಹುಪಾಲು ಇಲ್ಲ. ಆಮೇಲೆ ಹುಟ್ಟಿದ ಪದಗಳೂ ಇಲ್ಲ. ವಿಂಡೋಸಿನಲ್ಲಿ ಉಳಿಸಿದ ಪಟ್ಟಿಯನ್ನು ಲಿನಕ್ಸಿಗೆ ಒಯ್ದರೆ ಪ್ರತಿ ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಚಿಹ್ನೆ ಉಳಿದು ಉದ್ದ ಒಂದೊಂದು ಹೆಚ್ಚು ತೋರಿಸುತ್ತದೆ. 'ಕೊನೆಯ ಅಕ್ಷರ ವೈ' ಎಂಬ ಜರಡಿಯಿಂದ ಒಂದೂ ಪದ ಬಾರದಿದ್ದರೆ ಮೊದಲು ಅದನ್ನೇ ಅನುಮಾನಿಸಿ.

ಪ್ರ: ಒಂದೂ ಅಕ್ಷರ ಮರುಕಳಿಸದ ಅತಿ ಉದ್ದದ ಪದ? ಟೈಪ್‌ರೈಟರಿನ ಮೇಲಿನ ಸಾಲಿನಲ್ಲೇ ಮುಗಿಯುವ ಪದ? (ಪಿಯು ವಿದ್ಯಾರ್ಥಿನಿ, ಹಾಸನ)

ಉ: ಮೊದಲನೆಯದಕ್ಕೆ 15 ಅಕ್ಷರದ ಎರಡು ಹೆಸರಾಗಿವೆ: ಅನ್‌ಕಾಪಿರೈಟಬಲ್ ಮತ್ತು ಡರ್ಮಟೋಗ್ಲಿಫಿಕ್ಸ್. ಎರಡನೆಯದು ಬೆರಳಚ್ಚಿನಂಥ ಚರ್ಮದ ಗೆರೆಗಳ ಅಧ್ಯಯನ. ಮೇಲಿನ ಸಾಲಿನಲ್ಲಿ 10 ಅಕ್ಷರದವು ಟೈಪ್‌ರೈಟರ್, ಪ್ರೊಪ್ರೈಟರ್, ಪರ್ಪೆಚುಯಿಟಿ, ರೆಪರ್ಟ್ವಾರ್. ಕೇಳದಿದ್ದರೂ ಇನ್ನೆರಡು: ಐದೂ ಸ್ವರ ಒಂದೊಂದೇ ಸಲ ಇರುವ 7 ಅಕ್ಷರದ ಪದ ಸಿಕ್ವೋಯಾ ಎಂಬ ಮರ, ಒಂದೇ ಸ್ವರ ಇಟ್ಟುಕೊಂಡು 9 ಅಕ್ಷರಕ್ಕೆ ಬೆಳೆದದ್ದು ಸ್ಟ್ರೆಂಗ್ತ್ಸ್.

ಪ್ರ: ಇಂಗ್ಲಿಷ್ ಪದಬಂಧದಲ್ಲಿ ಅಕ್ಷರ ಪಲ್ಲಟದ ಸುಳಿವು ಬಂದರೆ ಅದೇ ಪದವೇ ಮತ್ತೆ ಮತ್ತೆ ಕಣ್ಣಿಗೆ ಕಟ್ಟುತ್ತದೆ, ಹೊಸ ಪದ ಹೊಳೆಯುವುದಿಲ್ಲ. (ಶಿವಮೊಗ್ಗದ ಓದುಗರು)

ಉ: ಸಾಲಾಗಿ ಬರೆದದ್ದೇ ಕಾರಣ. ಕಣ್ಣು ಎಡದಿಂದ ಬಲಕ್ಕೆ ಓದಿ ಹಳೆಯ ಪದವನ್ನೇ ಉಚ್ಚರಿಸುತ್ತದೆ. ಅಕ್ಷರಗಳನ್ನು ವೃತ್ತವಾಗಿ ಬರೆಯಿರಿ, ವ್ಯಂಜನ ಹೊರಗೆ, ಸ್ವರ ಒಳಗೆ. ಗಾಡಿ ಎಳೆಯುವ ಕುದುರೆ, ಕಾರ್ಟ್‌ಹಾರ್ಸ್, 9 ಅಕ್ಷರ. ಹೊರಗೆ ಸಿ, ಆರ್, ಟಿ, ಎಚ್, ಆರ್, ಎಸ್. ಒಳಗೆ ಎ, ಓ, ಇ. ಈಗ ಸಿ-ಎಚ್ ಜೋಡಿ ಮಾಡಿ, ಎಸ್-ಟಿ-ಆರ್ ಒಟ್ಟು ಮಾಡಿ. ಆರ್ಕೆಸ್ಟ್ರಾ ತಾನಾಗಿ ಎದ್ದು ನಿಲ್ಲುತ್ತದೆ. ಚೌಕಗಳಲ್ಲಿ ಮೊದಲೇ ಒಂದೆರಡು ಅಕ್ಷರ ಸಿಕ್ಕಿದ್ದರೆ ಅವನ್ನು ವೃತ್ತದಿಂದ ಹೊಡೆದುಹಾಕಲು ಮರೆಯಬೇಡಿ. ಮರೆತರೆ ಒಂದೇ ಅಕ್ಷರವನ್ನು ಎರಡು ಕಡೆ ಖರ್ಚು ಮಾಡುತ್ತೀರಿ.

ಪ್ರ: ಇದೇ ಉಪಾಯಗಳು ಕನ್ನಡ ಪದಗಳಿಗೂ ನಡೆಯುತ್ತವೆಯೇ? ಕಂಪ್ಯೂಟರಿನಲ್ಲಿ 'ಕರ್ನಾಟಕ' ಪದದ ಉದ್ದ 7 ಎಂದು ತೋರಿಸುತ್ತಿದೆ! (ಗದಗದ ಓದುಗರು)

ಉ: ಯುನಿಕೋಡಿನ, ಅಂದರೆ ಕಂಪ್ಯೂಟರು ಅಕ್ಷರಗಳನ್ನು ಗುರುತಿಸುವ ಪದ್ಧತಿಯ, ಲೆಕ್ಕದಲ್ಲಿ ಅದು ಸರಿಯೇ. ಕ, ರ, ಅರ್ಧಾಕ್ಷರದ ಚಿಹ್ನೆ, ನ, ದೀರ್ಘದ ಚಿಹ್ನೆ, ಟ, ಕ: ಒಟ್ಟು 7. ನಮ್ಮ ಲೆಕ್ಕದಲ್ಲಿ ಕ, ರ್ನಾ, ಟ, ಕ: ನಾಲ್ಕು. 'ಸ್ತ್ರೀ' ಎಂಬ ಒಂದೇ ಅಕ್ಷರವನ್ನು ಯಂತ್ರ 6 ಎಂದು ಎಣಿಸುತ್ತದೆ. ಕನ್ನಡ ಪದಬಂಧದ ಒಂದು ಚೌಕದಲ್ಲಿ ಕೂರುವುದು ಒತ್ತು, ಗುಣಿತ ಎಲ್ಲ ಸೇರಿದ ಪೂರ್ತಿ ಅಕ್ಷರ, ಯಂತ್ರದ ಚೂರುಗಳಲ್ಲ.

ಇಂಗ್ಲಿಷಿನ ಉಪಾಯವನ್ನು ಹಾಗೇ ತಂದರೆ ಎಡವುವುದು ಇಲ್ಲೇ. ಕುಬೇರನಿಗೇನಿರಬೇಕು ಎಂಬುದನ್ನು ಅಕ್ಷರ ಅಕ್ಷರವಾಗಿ ಹಿಂದಿನಿಂದ ಓದಿದರೂ ಅದೇ ಬರುತ್ತದೆ. ಅದೇ ಸಾಲನ್ನು ಕಂಪ್ಯೂಟರಿಗೆ ಕೊಟ್ಟು ತಿರುಗಿಸು ಎಂದರೆ ಕೊಂಬು, ಏತ್ವಗಳೆಲ್ಲ ತಮ್ಮ ವ್ಯಂಜನ ಬಿಟ್ಟು ಪಕ್ಕದ ಮನೆ ಸೇರಿಬಿಡುತ್ತವೆ. ಆದ್ದರಿಂದ ಹುಡುಕುವ ಮೊದಲು ಪದವನ್ನು ಪೂರ್ತಿ ಅಕ್ಷರಗಳಾಗಿ ಒಡೆಯಬೇಕು: ವ್ಯಂಜನವಾಗಲಿ ಸ್ವರವಾಗಲಿ ಕಂಡಲ್ಲಿ ಹೊಸ ಅಕ್ಷರ ಶುರು, ಗುಣಿತದ ಚಿಹ್ನೆ, ಅನುಸ್ವಾರ, ವಿಸರ್ಗ ಹಿಂದಿನದಕ್ಕೆ ಸೇರಬೇಕು, ಅರ್ಧಾಕ್ಷರದ ಚಿಹ್ನೆ ಬಂದರೆ ಅದೂ, ಅದರ ಮುಂದಿನ ವ್ಯಂಜನವೂ ಹಿಂದಿನದಕ್ಕೇ. ಪದದ ಕೊನೆಯಲ್ಲಿ ಅರ್ಧಾಕ್ಷರ ಉಳಿದರೆ, 'ಬಸ್' ಎಂಬಲ್ಲಿರುವಂತೆ, ಅದನ್ನು ಪ್ರತ್ಯೇಕ ಅಕ್ಷರವೆಂದೇ ಎಣಿಸಿ.

ಒಡೆದ ಮೇಲೂ ಇಂಗ್ಲಿಷಿನಷ್ಟು ಫಲ ಸಿಗುವುದಿಲ್ಲ. ಅಲ್ಲಿ 26 ಅಕ್ಷರ, ಅವೇ ಮರಳಿ ಮರಳಿ ಬರುತ್ತವೆ. ಇಲ್ಲಿ ಒಂದು ಕಕಾರಕ್ಕೇ ಇಡೀ ಕಾಗುಣಿತ, ಮೇಲೆ ಒತ್ತುಗಳು. ವನ–ನವ, ರಸ–ಸರ ಎಂಬ ಜೋಡಿಗಳು ಸಲೀಸು; ನಾಲ್ಕಕ್ಷರ ದಾಟಿದ ಮೇಲೆ ಪಲ್ಲಟ ಸಿಗುವುದು ಅಪರೂಪ. ಉದ್ದ ಮಾತ್ರ ಎಷ್ಟು ಬೇಕಾದರೂ ಸಿಗುತ್ತದೆ. ವಿಭಕ್ತಿ, ಬಹುವಚನ, 'ಊ', 'ಏ', 'ಓ' ಎಲ್ಲ ಹಚ್ಚುತ್ತ ಹೋದರೆ 'ಮನೆಗಳವರಿಗಾದರೂ' ತನಕ ಬೆಳೆಸಬಹುದು. ಹಾಗಾಗಿ ಕನ್ನಡದಲ್ಲಿ ಸ್ಪರ್ಧೆ ಇಡುವವರು 'ನಿಘಂಟಿನಲ್ಲಿ ತಲೆಪದವಾಗಿ ಇರುವವು ಮಾತ್ರ' ಎಂದು ಮೊದಲೇ ಕಟ್ಟು ಹಾಕಿಕೊಳ್ಳಲಿ.